ತೊಲೆ ಯಾರದು ಅಂತ ಕೇಳಿದ ಗಾದ್ರಮ್ಮ

ಹನ್ನೆರಡು ಕಾಲು, ಒಂದೇ ಹೊಟ್ಟೆ. ಕಾಲಿಗೆಲ್ಲ ಯಜಮಾನರಿದ್ದಾರೆ, ಹೊಟ್ಟೆಗೆ ಯಾರೂ ಇಲ್ಲ. ಹೊರಗೆ ಮಳೆ ನಿಂತ ಮೇಲೆ ಅದರ ಒಳಗೆ ಮಳೆ ಶುರುವಾಗುತ್ತೆ. ಹೇಳಿ, ಏನದು?

ಸೋತಿರಿ. ಸೋಲಲೇಬೇಕು. ಈ ಒಗಟಿನ ಉತ್ತರ ಇರೋದು ಒಂದೇ ಊರಲ್ಲಿ, ಆ ಊರಿನೋರು ಗೊತ್ತಿದ್ದೂ ಹೇಳೋದಿಲ್ಲ, ಅವರಿಗೆ ನಾಚಿಕೆ. ಒಗಟಿನಲ್ಲಿ ಸೋತೋರು ಗೆದ್ದೋರಿಗೆ ಒಂದು ಊರು ಬಿಟ್ಟುಕೊಡಬೇಕು ಅನ್ನೋದು ಹಿಂದಿನಿಂದ ಬಂದ ನ್ಯಾಯ. ನಿಮ್ಮ ಊರು ನನಗೆ ಬೇಡ, ನೀವೇ ಇಟ್ಟುಕೊಳ್ಳಿ. ಅದರ ಬದಲು ಕಾಲು ಚಾಚಿ ಕೂತು ಈ ಕತೆ ಕೇಳಿ.

ಗುಡ್ಡಗಳು ಇನ್ನೂ ಎಳೇವಿದ್ದ ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿಗೆ ಹಾಲುಹಲ್ಲು ಬೀಳೋಕೂ ಮುಂಚೆ, ಒಂದೂರಿತ್ತು. ಯಾವೂರು ಅಂತ ಕೇಳಬೇಡಿ. ನಮ್ಮೂರೇ.

ಆ ಊರ ನಡುವೆ ಒಂದು ಚಾವಡಿ ಇತ್ತು. ಕಟ್ಟಿದೋರು ಯಾರು ಅನ್ನೋದು ಆಗಲೇ ಮರೆತುಹೋಗಿತ್ತು, ಅಷ್ಟು ಹಳೇದು. ಮೂರು ಕಡೆ ಕಲ್ಲಿನ ಗೋಡೆ, ಮುಂದೆ ಬಟಾಬಯಲು. ಒಳಗೆ ಹನ್ನೆರಡು ಮರದ ಕಂಬ. ಕಂಬದ ಮೇಲೆ ಅಡ್ಡಕ್ಕೆ ತೊಲೆ, ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಸೊಪ್ಪು, ಸೊಪ್ಪಿನ ಮೇಲೆ ನೀರು ಇಳಿಯಗೊಡದ ಚೌಳು ಮಣ್ಣು. ನಮ್ಮ ಸೀಮೆಯಲ್ಲಿ ಹಂಚಿನ ಮನೆ ಇಲ್ಲ, ಹುಲ್ಲಿನ ಮನೆ ಇಲ್ಲ. ಮಣ್ಣು ಬಡಿದ ಮಾಳಿಗೆಯೇ ಸೂರು.

ಹನ್ನೆರಡು ಕಂಬಕ್ಕೆ ಹನ್ನೆರಡು ಮನೆತನ. ಗೌಡನ ಕಂಬ ಗೌಡನದು, ಜುಂಜಜ್ಜನ ಕಂಬ ಜುಂಜಜ್ಜನದು. ಅಪ್ಪ ಒರಗಿದ ಕಂಬಕ್ಕೇ ಮಗ ಒರಗಬೇಕು, ಮಗ ಒರಗಿದ್ದಕ್ಕೆ ಮೊಮ್ಮಗ. ಒರಗಿ ಒರಗಿ ಕಂಬಗಳ ಸೊಂಟ ಎಣ್ಣೆ ಹಚ್ಚಿದ ಹಾಗೆ ಹೊಳೀತಿದ್ವು ಅಂತಾರೆ. ಕಂಬ ಇಲ್ಲದೋರು ಚಾವಡಿಯಲ್ಲಿ ನಿಲ್ಲಬಹುದಿತ್ತು, ಕೂರೋ ಹಾಗಿರಲಿಲ್ಲ. ಹೆಂಗಸರಿಗೆ ಕಂಬ ಇರಲಿಲ್ಲ. ಬರಬೇಡಿ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ನಿಮಗೆ ಒರಗೋಕೆ ಜಾಗ ಇಲ್ಲವಲ್ಲ, ಸುಮ್ಮನೆ ಬೆನ್ನುನೋವು ಅಂತಿದ್ದರು ಗಂಡಸರು. ಬಹಳ ಕನಿಕರದೋರು. ಹಂಗಾಗಿ ಹೆಂಗಸರು ಓಣಿಯಲ್ಲಿ ಬಿಸಿಲಿಗೆ ಕೂತು ಉಣ್ಣೆ ನೂಲ್ತಿದ್ದರು, ಅಲ್ಲೇ ಹುಣಸೆಹಣ್ಣು ಬಿಡಿಸ್ತಿದ್ದರು, ಅಲ್ಲೇ ಕೂಸಿಗೆ ಹಾಲು ಕೊಡ್ತಿದ್ದರು.

ಇನ್ನು ಚಾವಡಿಯ ರಿಪೇರಿ. ಅದನ್ನ ಕೇಳಿ, ಅದೇ ತಮಾಷೆ.

ಮುಂಗಾರಿಗೆ ಮುಂಚೆ ಮಾಳಿಗೆಗೆ ಹೊಸ ಮಣ್ಣು ಹಾಕಬೇಕು. ಇಲ್ಲದಿದ್ರೆ ಸೋರುತ್ತೆ. ನಮ್ಮೂರ ಹನ್ನೆರಡು ಮನೆತನದೋರೂ ತಪ್ಪದೆ ಹಾಕ್ತಿದ್ದರು, ಆದರೆ ತಮ್ಮ ತಮ್ಮ ಕಂಬದ ಮೇಲಕ್ಕೆ ಮಾತ್ರ. ಪಕ್ಕದೋನ ಕಂಬದ ಮೇಲೆ ಯಾಕೆ ಹಾಕ್ತಾರೆ? ಹಾಕಿ, ನೀರು ಪಕ್ಕಕ್ಕೆ ಹರಿಯೋ ಹಾಗೆ ಇಳಿಜಾರು ಮಾಡ್ತಿದ್ದರು. ಪಕ್ಕದೋನು ಬಂದು ನೋಡಿ, ಓಹೋ ಹಿಂಗೋ ಅಂತ ತನ್ನ ಕಡೆ ಇನ್ನೆರಡು ಬುಟ್ಟಿ ಎತ್ತರಿಸ್ತಿದ್ದ. ಅವನ ಪಕ್ಕದೋನು ಮೂರು ಬುಟ್ಟಿ. ವರ್ಷ ಹೋಯ್ತು, ತಲೆಮಾರು ಹೋಯ್ತು, ಚಾವಡಿಯ ಮೇಲೆ ಹನ್ನೆರಡು ಗುಡ್ಡ ಎದ್ದು ನಿಂತವು. ಮೇಲೆ ಹುಲ್ಲು ಬೆಳೀತು. ಪರವೂರಿನ ಕುರುಬನೊಬ್ಬ ಗುಡ್ಡ ಅಂದುಕೊಂಡು ಕುರಿ ಹತ್ತಿಸಿ ಮೇಯಿಸಿಕೊಂಡು ಹೋದ ಅಂತಾರೆ. ಒಂದು ಕುರಿ ಅಲ್ಲೇ ಮರಿ ಹಾಕ್ತು ಅಂತಲೂ ಅಂತಾರೆ. ಮರಿ ಯಾರ ಕಂಬದ ಮೇಲೆ ಬಿತ್ತೋ ಅವರಿಗೇ ಸೇರಬೇಕು ಅಂತ ಅವತ್ತಿಡೀ ಪಂಚಾಯ್ತಿ ನಡೀತು.

ಚಾವಡಿಯ ನಡುಮಧ್ಯೆ ಮಾತ್ರ ಯಾರ ಕಂಬವೂ ಇರಲಿಲ್ಲ. ಹಂಗಾಗಿ ಅಲ್ಲಿ ಯಾರೂ ಮಣ್ಣು ಹಾಕ್ತಿರಲಿಲ್ಲ. ಹನ್ನೆರಡು ಗುಡ್ಡದ ನೀರೂ ಅಲ್ಲಿಗೆ ಇಳಿದು, ಕೆರೆ ಕಟ್ಟಿ, ನಿಧಾನಕ್ಕೆ ಒಳಗೆ ಸೋರ್ತಿತ್ತು. ಹೊರಗೆ ಮಳೆ ನಿಂತು ಬಿಸಿಲು ಬಿದ್ದು ಜನ ಹಪ್ಪಳ ಒಣಗಿಸ್ತಿದ್ರೂ ಚಾವಡಿಯೊಳಗೆ ಮಳೆ ಸುರೀತಾನೇ ಇರ್ತಿತ್ತು. ನಿಮ್ಮ ಕಡೆ ಹೆಂಗೈತೆ ಅಂತ ಕೇಳಿದ್ರೆ ಪ್ರತಿಯೊಬ್ಬನೂ ತನ್ನ ಕಂಬ ತಟ್ಟಿ, ನಮ್ಮದು ಒಣಗೇ ಐತಪ್ಪ ಅಂತಿದ್ದ. ಅದು ನಿಜವೇ. ಈಗ ಗೊತ್ತಾಯ್ತಲ್ಲ ಒಗಟಿನ ಉತ್ತರ?

ಇಂಥ ಊರಲ್ಲಿ ಗಾದ್ರಮ್ಮ ಇದ್ದಳು.

ಮಾಳಿಗೆ ಹಾಕೋದು ಅವಳ ಕಸುಬು. ಮಣ್ಣು ತುಳಿದು, ಹದ ಮಾಡಿ, ಮೇಲೆ ಹರವಿ, ಹುಣಸೆ ಹಲಗೆಯಲ್ಲಿ ಬಡಿದು ಬಡಿದು ಗಟ್ಟಿ ಮಾಡೋದು. ಅವಳು ಬಡಿದ ಮಾಳಿಗೆಯನ್ನ ಕೋಳಿ ಕೆದಕಿದ್ರೆ ಸವೀತಿದ್ದಿದ್ದು ಕೋಳಿಯ ಉಗುರು ಅಂತಾರೆ. ಆ ಹಲಗೆಯನ್ನ ಅವಳು ಒಂದು ಕೈಲಿ ಎತ್ತಿ ಕಂಕುಳ ಕೆರೆದುಕೊಳ್ತಿದ್ದಳು, ಬೇರೆಯೋರು ಎತ್ತೋಕೆ ಇಬ್ಬರು ಬೇಕಿತ್ತು ಅಂತಾರೆ. ನಮ್ಮ ತಾತನ ಕಾಲಕ್ಕೆ ನಾಲ್ಕು ಜನ ಬೇಕಿತ್ತು. ಈಗ ಎಂಟು ಜನ ಅಂತ ಕೇಳಿದ್ದೀನಿ.

ಗಾದ್ರಮ್ಮ ತೆಪ್ಪಗೆ ಕೆಲಸ ಮಾಡಿ ಹೋಗೋ ಹೆಂಗಸಲ್ಲ. ಮೇಲೆ ಹತ್ತಿ ನಿಂತಳು ಅಂದ್ರೆ ಇಡೀ ಊರಿನ ಹಿತ್ತಲು ಅವಳಿಗೆ ಕಾಣ್ತಿತ್ತು. ಯಾರ ಮನೆಯಲ್ಲಿ ಮುದ್ದೆ ಹೊತ್ತಿದೆ, ಯಾರ ಸೊಸೆ ಅತ್ತೆಗೆ ಬೆನ್ನು ಹಾಕಿ ಬೆಲ್ಲ ತಿಂತಿದ್ದಾಳೆ, ಎಲ್ಲಾ ಅಲ್ಲಿಂದಲೇ ಕೂಗಿ ಹೇಳ್ತಿದ್ದಳು. ಅವಳು ನಕ್ಕರೆ ಪಕ್ಕದೂರಿನ ನಾಯಿ ಬೊಗಳ್ತಿದ್ವು. ಅರ್ಧ ಸುಳ್ಳು ಹೇಳ್ತಿದ್ದಳು, ಇನ್ನರ್ಧ ಅದಕ್ಕಿಂತ ದೊಡ್ಡ ಸುಳ್ಳು. ಹಂಗಾಗಿಯೇ ಅವಳನ್ನ ಊರು ಮರೆತಿಲ್ಲ ಅಂತ ಕಾಣುತ್ತೆ.

ಒಂದು ಸಲ ಅಕಾಲದಲ್ಲಿ ಮಳೆ ಬಂತು. ಸುಳಿವೇ ಇಲ್ಲ, ದಬದಬ ಸುರೀತು. ಓಣಿಯಲ್ಲಿ ನೂಲ್ತಿದ್ದ ಹೆಂಗಸರು ಉಣ್ಣೆ ಬುಟ್ಟಿ ಎತ್ತಿಕೊಂಡರು, ಕೂಸು ಇದ್ದೋರು ಕೂಸು ಎತ್ತಿಕೊಂಡರು. ಮನೆ ದೂರ, ಚಾವಡಿ ಹತ್ತಿರ. ಓಡಿ ಬಂದರು. ಗಾದ್ರಮ್ಮನ ಕೈಲಿ ಮಗಳ ಕೂಸಿತ್ತು, ಇನ್ನೂ ಹೆಸರಿಟ್ಟಿರಲಿಲ್ಲ, ಅಷ್ಟು ಎಳೇದು. ಒಳಗೆ ಹನ್ನೆರಡು ಜನ ಹನ್ನೆರಡು ಕಂಬಕ್ಕೆ ಒರಗಿ ಕೂತಿದ್ದರು. ಯಾರೂ ಮಿಸುಕಲಿಲ್ಲ.

"ಗೌಡ್ರೆ, ಈ ಕೂಸಿಗೊಂದು ಒಣ ಜಾಗ ಬೇಕು," ಅಂದಳು ಗಾದ್ರಮ್ಮ.

ಗೌಡನ ಹೆಸರು ನುಂಕಪ್ಪ. ಕೆಟ್ಟೋನಲ್ಲ, ಆದರೆ ಎದ್ದು ನಿಲ್ಲೋದು ಅಂದ್ರೆ ಅವನಿಗೆ ಆಗ್ತಿರಲಿಲ್ಲ. "ನಿನ್ನ ಕಂಬ ಎಲ್ಲೈತವ್ವ?" ಅಂದ.

"ಕೂಸು ಒರಗಲ್ಲ ಗೌಡ್ರೆ, ಮಲಗುತ್ತೆ."

ಗೌಡ ಜುಂಜಜ್ಜನ ಮುಖ ನೋಡಿದ, ಜುಂಜಜ್ಜ ಇನ್ನೊಬ್ಬನ ಮುಖ ನೋಡಿದ. ನೋಡಿದ ಅಂತ ಹೇಳೋದು ಅಷ್ಟೇ, ಮಣ್ಣಿನ ಭಾರಕ್ಕೆ ಸೂರು ತಗ್ಗಿ ಚಾವಡಿಯೊಳಗೆ ಅಂಥ ಕತ್ತಲೆ, ಯಾರಿಗೂ ಯಾರ ಮುಖವೂ ಕಾಣ್ತಿರಲಿಲ್ಲ. ಹೆಂಗಸರು ನಡುವೆ ನಿಂತರು, ಯಾಕಂದ್ರೆ ಯಾರದೂ ಅಲ್ಲದ ಜಾಗ ಅದೊಂದೇ. ಮೇಲಿಂದ ಕೆಸರು ನೀರು ಒಂದು ಧಾರೆಯಾಗಿ ಇಳಿದು ಸೀದಾ ಕೂಸಿನ ಮೂಗಿನ ಮೇಲೆ ಬಿತ್ತು.

ಕೂಸು ಸೀನಿತು.

ಚಾವಡಿ ಕಟ್ಟಿದೋರು ಯಾರು ಅಂತ ಗೊತ್ತಿಲ್ಲ, ಆದರೆ ಅದನ್ನ ಹೊಸದು ಮಾಡಿದ್ದು ಆ ಸೀನು ಅಂತಾರೆ. ಗಾದ್ರಮ್ಮ ಕೂಸಿನ ಮೂಗು ಸೆರಗಿನಲ್ಲಿ ಒರೆಸಿದಳು, ತಲೆ ಎತ್ತಿ ಸೂರು ನೋಡಿದಳು, ಬಹಳ ಹೊತ್ತು ನೋಡಿದಳು. 

ಅದೇ ಹೊತ್ತಿಗೆ ಒಂದು ತೊಲೆ ಕರ್ರ್ ಅಂತು. ಗೌಡ ಆಕಳಿಸ್ತಾ ಇದ್ದ. ಮೇಲಿಂದ ಒಂದು ಹೆಂಟೆ ಮಣ್ಣು ಬಿದ್ದು ಸರಿಯಾಗಿ ಅವನ ಬಾಯೊಳಕ್ಕೆ ಹೋಯ್ತು.

ಆಗ ಹನ್ನೆರಡೂ ಜನ ಸೇರಿ ತೀರ್ಮಾನ ಮಾಡಿದರು. ಚಾವಡಿ ಇನ್ನು ನಿಲ್ಲೋದಿಲ್ಲ. ಮುಂಗಾರಿಗೆ ಬಿದ್ದು ತಲೆ ಒಡೆಯೋಕೂ ಮುಂಚೆ ನಾವೇ ಕೆಡವೋಣ. ಅವರವರ ಕಂಬ ಅವರವರು ಮನೆಗೆ ಒಯ್ಯೋಣ. ಅದಕ್ಕೆ ಮೊದಲು ಅಷ್ಟು ಜನ ಒಂದೇ ಮಾತಿಗೆ ಒಪ್ಪಿದ್ದು ಯಾರ ನೆನಪಿನಲ್ಲೂ ಇರಲಿಲ್ಲ. ಒಬ್ಬ ತನ್ನ ಕಂಬವನ್ನ ದನದ ಕೊಟ್ಟಿಗೆಗೆ ಹಾಕ್ತೀನಿ ಅಂದ, ಇನ್ನೊಬ್ಬ ಹೊಸ್ತಿಲು ಮಾಡಿಸ್ತೀನಿ ಅಂದ. ಜುಂಜಜ್ಜ ಅವರಲ್ಲೆಲ್ಲ ಹಿರಿಯ. ನಮ್ಮ ಜಗಲಿಯಲ್ಲಿ ನೆಟ್ಟು ಒಬ್ಬನೇ ಒರಗಿಕೊಳ್ತೀನಿ ಅಂದ. ಒರಗಿ ಯಾರ ಹತ್ತಿರ ಮಾತಾಡ್ತೀಯಜ್ಜ ಅಂತ ಯಾರೂ ಕೇಳಲಿಲ್ಲ.

ಗಾದ್ರಮ್ಮ ಕೇಳಿಕೊಂಡಳು, ಮನಸ್ಸಿನಲ್ಲೇ. ಚಾವಡಿ ಹೋದ್ರೆ ಊರು ಹನ್ನೆರಡು ಜಗಲಿ ಆಗುತ್ತೆ. ಕೂಸಿಗೆ ಮಾತ್ರ ಅಲ್ಲ, ಆಮೇಲೆ ಯಾರಿಗೂ ಒಟ್ಟಿಗೆ ಒಣಗಿರೋ ಜಾಗ ಇಲ್ಲ.

ಕೆಡವೋ ದಿನ ಬಂತು. ಹನ್ನೆರಡು ಮನೆಯ ಗಂಡಸರೂ ಹಾರೆ, ಹಗ್ಗ, ಎತ್ತಿನಗಾಡಿ ತಂದರು. ಗಾದ್ರಮ್ಮ ಹಲಗೆ ಹೆಗಲಿಗಿಟ್ಟುಕೊಂಡು ಬಂದಳು, ಅವಳ ಹಿಂದೆ ಊರಿನ ಹೆಂಗಸರೆಲ್ಲ ಬಂದರು. ನೋಡೋಕೆ ಬಂದಿರಬೇಕು ಅಂದುಕೊಂಡರು ಗಂಡಸರು.

"ಕಂಬ ಕೀಳೋಕೆ ಮುಂಚೆ ಮೇಲಿನ ಮಣ್ಣು ಇಳಿಸ್ರಪ್ಪ, ಇಲ್ಲಾಂದ್ರೆ ಅಲ್ಲೇ ಸಮಾಧಿ," ಅಂದಳು ಗಾದ್ರಮ್ಮ. ಅದು ನಿಜವಾಗಿತ್ತು. ಅವಳು ಹೇಳಿದ ನಿಜ ಅಪರೂಪ, ಹಂಗಾಗಿ ಎಲ್ಲರೂ ಕೇಳಿದರು. ನಿಮ್ಮ ನಿಮ್ಮ ಮಣ್ಣು ನೀವೇ ಇಳಿಸ್ಕೊಳ್ಳಿ, ಇನ್ನೊಬ್ಬರ ಮಣ್ಣು ಒಂದು ಹಿಡಿಯೂ ನಿಮ್ಮ ಗಾಡಿಗೆ ಬೀಳಬಾರದು ಅಂತ ಬೇರೆ ಹೇಳಿದಳು. ಅದು ಬೆಂಕಿಗೆ ತುಪ್ಪ. ಈ ಹುಲ್ಲಿನ ಗಡ್ಡೆ ನನ್ನದು, ಆ ಇರುವೆ ಗೂಡು ನಿನ್ನದು, ಅಂತ ಜಗಳ ಆಡ್ತಾ ಆಡ್ತಾ, ಅಜ್ಜ ಮುತ್ತಜ್ಜ ಏರಿಸಿದ ಗುಡ್ಡವನ್ನೆಲ್ಲ ತಾವೇ ಇಳಿಸಿದರು. ಪಂತಕ್ಕೆ ಬಿದ್ದು ಇಳಿಸಿದರು. ಕೂಲಿ ಕೊಟ್ಟು ಮಾಡಿಸಿದ್ರೆ ಇಡೀ ಬೇಸಿಗೆ ಹಿಡೀತಿದ್ದ ಕೆಲಸ.

ಕೊನೇ ಬುಟ್ಟಿ ಇಳಿದಾಗ ಚಾವಡಿ ಉಸ್ಸಪ್ಪಾ ಅಂತು ಅಂತಾರೆ. ಊರಿಗೆಲ್ಲ ಕೇಳಿಸ್ತು. ಬಗ್ಗಿ ಹೋಗಿದ್ದ ತೊಲೆಗಳು ಬೆನ್ನು ನೆಟ್ಟಗೆ ಮಾಡಿಕೊಂಡವು. ಹೆಗಲ ಮೇಲಿನ ಮೂಟೆ ಇಳಿಸಿದ ಎತ್ತು ಮೈ ಕೊಡವುತ್ತಲ್ಲ, ಹಂಗೆ.

ಗೌಡ ಕೈಗೆ ಉಗುಳಿಕೊಂಡು ತನ್ನ ಕಂಬಕ್ಕೆ ಹಗ್ಗ ಬಿಗಿದ.

"ಒಂದು ಮಾತು ಗೌಡ್ರೆ," ಅಂದಳು ಗಾದ್ರಮ್ಮ. "ಕಂಬ ನಿಮ್ಮದು, ಒಪ್ಪಿದೆ. ಮೇಲಿನ ತೊಲೆ ಯಾರದು?"

ಹನ್ನೆರಡು ತಲೆಯೂ ಮೇಲಕ್ಕೆ ಹೋಯ್ತು. ಅಷ್ಟು ತಲೆಮಾರು ಆ ಚಾವಡಿಯಲ್ಲಿ ಕೂತು ಒಬ್ಬನೂ ಮೇಲೆ ನೋಡಿರಲಿಲ್ಲ. ಒರಗಿದೋರಿಗೆ ಬೆನ್ನಿನದೇ ಚಿಂತೆ. ಪ್ರತಿ ತೊಲೆಯೂ ಒಬ್ಬನ ಕಂಬದ ಮೇಲೆ ಶುರುವಾಗಿ ಇನ್ನೊಬ್ಬನ ಕಂಬದ ಮೇಲೆ ಮುಗೀತಿತ್ತು. ಶುರುವಾಗಿರೋದು ನನ್ನ ಕಂಬದ ಮೇಲೆ, ಹಂಗಾಗಿ ನನ್ನದು ಅಂದ ಜುಂಜಜ್ಜ. ನಿನ್ನ ಕಣ್ಣಿಗೆ ಅದು ಶುರು, ಈ ಕಡೆಯಿಂದ ನೋಡು, ನನ್ನ ಕಂಬದ ಮೇಲೇ ಶುರು ಅಂದ ಅವನ ಪಕ್ಕದೋನು. ಅರ್ಧ ಕೊಯ್ಯೋಣ ಅಂದ ಒಬ್ಬ. ಕೊಯ್ದ ತೊಲೆ ಸೌದೆಗಷ್ಟೇ ಆಗೋದು, ನಿಮ್ಮಪ್ಪನ ಚಟ್ಟಕ್ಕೂ ಬರಲ್ಲ ಅಂದ ಇನ್ನೊಬ್ಬ. ಬಿಸಿಲು ನೆತ್ತಿಗೆ ಬಂತು. ಗೌಡನಿಗೆ ಹಸಿವಾಯ್ತು. ಹಸಿದ ಗೌಡ ಕಂಬ ಗುದ್ದಿ ತೀರ್ಪು ಕೊಟ್ಟ:

"ಸಾಕು ಬಿಡ್ರಲೇ. ತೊಲೆ ಯಾರದೂ ಅಲ್ಲ."

ಅಲ್ಲಿಗೆ ಕತೆ ತಿರುಗ್ತು. ಚಾವಡಿಯಲ್ಲಿ ಗೌಡ ಆಡಿದ ಮಾತು ಮತ್ತೆ ಗಂಟಲಿಗೆ ಹೋಗೋ ಹಾಗಿಲ್ಲ. ನಮ್ಮೂರಲ್ಲಿ ಇನ್ನೊಂದು ನ್ಯಾಯವೂ ಐತೆ, ಆಗಲೂ ಈಗಲೂ. ಅಡವಿಯಲ್ಲಿ ಯಾರದೂ ಅಲ್ಲದ ಜೇನುಹುಟ್ಟು ಕಂಡ್ರೆ, ಮೊದಲು ಯಾರು ಕೋಲು ಮುಟ್ಟಿಸ್ತಾರೋ ಜೇನು ಅವರದು. ಗಾದ್ರಮ್ಮ ಹಲಗೆ ಎತ್ತಿ ತಲೆ ಮೇಲಿನ ತೊಲೆಗೆ ಟಕ್ ಅಂತ ಮುಟ್ಟಿಸಿದಳು. ಅವಳ ಹಿಂದಿದ್ದ ಹೆಂಗಸರು ಸೆರಗಿನ ಮರೆಯಿಂದ ಕೈ ತೆಗೆದರು. ಒಬ್ಬಳ ಕೈಲಿ ಪೊರಕೆ, ಒಬ್ಬಳ ಕೈಲಿ ಕೊಡತಿ, ಒಬ್ಬಳ ಕೈಲಿ ಮುದ್ದೆ ತಿರುವೋ ಕೋಲು. ಟಕ್, ಟಕ್, ಟಕ್. ಒಂದೊಂದು ತೊಲೆಗೂ ಬಿತ್ತು. ಗೌಡನ ನೆತ್ತಿಯ ಮೇಲಿದ್ದ ತೊಲೆಗೆ ಮಜ್ಜಿಗೆ ಕಡೆಯೋ ಕಡಗೋಲು ಮುಟ್ಟಿತು. ಅದನ್ನ ಹಿಡಿದಿದ್ದೋಳು ಗೌಡಸಾನಿ, ಅವನ ಹೆಂಡತಿಯೇ.

"ನೀನೂನಾ?" ಅಂದ ಗೌಡ.

"ನಾನಲ್ಲ, ಕಡಗೋಲು," ಅಂದಳು ಗೌಡಸಾನಿ.

ಗಾದ್ರಮ್ಮ ಹಲಗೆ ಇಳಿಸಿ ಬಹಳ ಮರ್ಯಾದೆಯಿಂದ ಹೇಳಿದಳು: "ನಿಮ್ಮ ಕಂಬ ನೀವು ಒಯ್ಯಿರಿ, ನಾವು ಬೇಡ ಅನ್ನಲ್ಲ. ನಮ್ಮ ತೊಲೆ ಮಾತ್ರ ಇದ್ದ ಜಾಗದಲ್ಲೇ ಇರಬೇಕು. ಒಂದು ಬೆರಳು ಕೆಳಗೆ ಇಳೀಬಾರದು."

ಗಂಡಸರು ಯೋಚನೆ ಮಾಡಿದರು. ತೊಲೆ ಇಳಿಯದ ಹಾಗೆ ಕಂಬ ತೆಗೆಯೋದು ಹೆಂಗೆ ಅಂತ ಯೋಚನೆ ಮಾಡಿದರು. ಸುತ್ತ ತಿರುಗಿ ನೋಡಿದರು, ಬಗ್ಗಿ ನೋಡಿದರು. ಮೊದಲು ನಕ್ಕಿದ್ದು ಜುಂಜಜ್ಜ. ಹಲ್ಲಿಲ್ಲದ ಬಾಯಿ ತೆಗೆದು ಅವನು ನಕ್ಕ ನಗೆಗೆ ಎತ್ತು ಬೆದರಿ ಗಾಡಿ ಸಮೇತ ಮನೆಗೆ ಹೋದವು ಅಂತಾರೆ.

ಆದರೂ ಗೌಡ ಗೌಡನೇ. ಸರಿ, ತೊಲೆ ನಿಮ್ಮದಾದ್ರೆ ಅದರ ಮೇಲಿನ ಮಾಳಿಗೆಯೂ ನಿಮ್ಮದೇ, ನೀವೇ ಹಾಕಿ ಅಂದ. ಮುಂಗಾರಿನ ಮೊದಲ ಮಳೆಗೆ ಒಳಗೆ ಒಂದು ಹನಿ, ಒಂದೇ ಒಂದು ಹನಿ ಬಿದ್ದರೂ ತೊಲೆ ಬಿಟ್ಟುಕೊಡಬೇಕು, ಚಾವಡಿ ಕೆಡವ್ತೀವಿ, ಗಾದ್ರಮ್ಮ ತನ್ನ ಹಲಗೆ ಒಲೆಗೆ ಹಾಕಿ ಇನ್ನು ಯಾರ ಮಾಳಿಗೆಯೂ ಹತ್ತಬಾರದು ಅಂದ. ಹನಿ ಬೀಳದಿದ್ರೆ? ಅಂತ ಕೇಳಿದಳು ಗಾದ್ರಮ್ಮ. ಬೀಳದಿದ್ರೆ ಹೆಂಗಸರೂ ಮಕ್ಕಳೂ ಎಲ್ಲಿ ಬೇಕಾದ್ರೂ ಕೂರಲಿ, ಏನು ಬೇಕಾದ್ರೂ ಮಾಡಲಿ ಅಂದ. ಗಾದ್ರಮ್ಮ ಒಪ್ಪಿದಳು. ಅವಳ ಕೈಲಿದ್ದ ಅನ್ನ ಆ ಹಲಗೆ. ಅದನ್ನೇ ಪಣಕ್ಕಿಟ್ಟಳು.

ಹನ್ನೆರಡು ಮನೆಯ ಹೆಂಗಸರೂ ಕೆಲಸಕ್ಕೆ ಇಳಿದರು. ಗುಡ್ಡದಿಂದ ಬಂದರಿಕೆ ಸೊಪ್ಪು ತಂದರು, ಗೆದ್ದಲು ಅದರ ತಂಟೆಗೆ ಬರೋದಿಲ್ಲ. ಹಳ್ಳದಿಂದ ಚೌಳು ಮಣ್ಣು ತಂದರು. ತುಳಿದರು, ಹಾಡಿದರು, ಬೈದಾಡಿಕೊಂಡರು, ಮತ್ತೆ ತುಳಿದರು. ಹನ್ನೆರಡು ಗುಡ್ಡ ಇದ್ದ ಕಡೆ ಒಂದೇ ಮಾಳಿಗೆ, ಒಂದೇ ಇಳಿಜಾರು. ಯಾರ ಮಣ್ಣು ಎಲ್ಲಿ ಬಿತ್ತು ಅಂತ ಹೇಳೋಕೆ ಬ್ರಹ್ಮನಿಗೂ ಆಗ್ತಿರಲಿಲ್ಲ. ಗಾದ್ರಮ್ಮನ ಹಲಗೆಯ ಸದ್ದು ಪಕ್ಕದೂರಿಗೆ ಕೇಳಿ, ಅಲ್ಲಿಯೋರು ಮದುವೆಯ ಡೋಲು ಅಂದುಕೊಂಡು ಹೊಸ ಬಟ್ಟೆ ಉಟ್ಟುಕೊಂಡು ಊಟಕ್ಕೆ ಬಂದರು ಅಂತಾರೆ. ಬಂದೋರ ಕೈಗೆ ಮಣ್ಣಿನ ಬುಟ್ಟಿ ಕೊಟ್ಟಳು. ಊಟವನ್ನೂ ಹಾಕಿದಳು, ಸುಳ್ಳು ಯಾಕೆ.

ಗಂಡಸರು ದೂರದಲ್ಲಿ ಕೂತು ನೋಡಿದರು. ನೋಡ್ತಾ ನೋಡ್ತಾ ಅವರಿಗೆ ಬಹಳ ಸಂತೋಷವಾಯ್ತು. ಯಾಕಂದ್ರೆ ಗಾದ್ರಮ್ಮ ಮಾಳಿಗೆಯ ನಡುಮಧ್ಯೆ ಒಂದು ತೂತು ಬಿಟ್ಟಳು. ಒಬ್ಬ ಆಳು ಇಳಿಯೋ ಅಷ್ಟು ದೊಡ್ಡ ತೂತು.

"ಒಂದು ಹನಿಯೂ ಬೀಳಬಾರದು ಅಂದೋಳು ಬಾವಿಯನ್ನೇ ಇಟ್ಟಿದ್ದಾಳಲ್ಲ," ಅಂತ ಗೌಡ ತೊಡೆ ತಟ್ಟಿ ನಕ್ಕ.

"ಅದು ಬೆಳಕಿಂಡಿ," ಅಂದಳು ಗಾದ್ರಮ್ಮ. ತೂತಿನ ಸುತ್ತ ಮೊಣಕಾಲೆತ್ತರ ಕಟ್ಟೆ ಕಟ್ಟಿ, ಪಕ್ಕದಲ್ಲಿ ಒಂದು ಚಪ್ಪಡಿ ಕಲ್ಲು ಇಟ್ಟಳು. ಮಳೆ ಬಂದಾಗ ಕಲ್ಲು ಎಳೆದು ಮುಚ್ಚೋದು, ಬಿಸಿಲಿಗೆ ತೆಗೆಯೋದು.

ಮೊದಲ ದಿನ ಬೆಳಕು ಒಳಗೆ ಬಿದ್ದಾಗ ಆದ ಗಮ್ಮತ್ತು ಕೇಳಿ. ಗೌಡ ಮತ್ತು ಜುಂಜಜ್ಜ ಎದುರುಬದುರು ಕಂಬದೋರು. ಹುಡುಗರಾಗಿದ್ದಾಗಿನಿಂದ ಎದುರುಬದುರು ಕೂತೋರು. ಬೆಳಕಿನಲ್ಲಿ ಒಬ್ಬರನ್ನೊಬ್ಬರು ನೋಡಿದರು. "ಅಲ್ಲೋ ಜುಂಜ, ನೀನು ಮುದುಕ ಆಗಿದ್ದೀಯಲ್ಲೋ," ಅಂದ ಗೌಡ. "ನಿನ್ನ ಮೂಗು ಮೊದಲಿಂದಲೂ ಹಿಂಗೇ ಇತ್ತಾ?" ಅಂದ ಜುಂಜಜ್ಜ. ಇಬ್ಬರೂ ಅಲ್ಲೇ ನೆಲದ ಕಲ್ಲಿನ ಮೇಲೆ ಹುಲಿ-ಕುರಿ ಆಟ ಆಡ್ತಿದ್ದರು, ಇಡೀ ಆಯಸ್ಸು ಜುಂಜಜ್ಜನೇ ಗೆದ್ದಿದ್ದ. ಬೆಳಕಿನಲ್ಲಿ ನೋಡಿದ್ರೆ ಅವನ ಹುಲಿಗಳು ಗೆರೆಯೇ ಇಲ್ಲದ ಕಡೆ ಹಾರ್ತಿದ್ವು. ಅವತ್ತು ಊರು ನಕ್ಕ ನಗೆಗೆ ಹೊಸ ಮಾಳಿಗೆ ಬಿರುಕು ಬಿಡದೆ ಉಳಿದಿದ್ದೇ ಗಾದ್ರಮ್ಮನ ಕೆಲಸಕ್ಕೆ ಸಾಕ್ಷಿ ಅಂತಾರೆ.

ಮಳೆ ಬರೋವರೆಗೆ ತೊಲೆ ಹೆಂಗಸರದೇ ತಾನೇ? ಹೆಂಗಸರು ಸುಮ್ಮನಿರಲಿಲ್ಲ. ತೊಲೆಗೆ ತೊಟ್ಟಿಲು ಕಟ್ಟಿದರು. ನೆಲದಲ್ಲಿ ಕೂತರೆ ತಾನೇ ಕಂಬ ಬೇಕು, ನಮ್ಮ ಮಕ್ಕಳು ಮೇಲೆ ತೂಗ್ತಾವೆ ಅಂದರು. ತೊಟ್ಟಿಲ ಹಗ್ಗದ ತುದಿಯನ್ನ ಹತ್ತಿರ ಕೂತಿದ್ದ ಗಂಡಸಿನ ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ನೂಲೋಕೆ ಹೋದರು. ಸೀನಿದ ಕೂಸಿನ ತೊಟ್ಟಿಲು ಬೆಳಕಿಂಡಿಯ ಕೆಳಗೇ ಇತ್ತು. ಅದರ ಹಗ್ಗ ಗೌಡನ ಹೆಬ್ಬೆರಳಿಗೆ. ತೂಗೋದು ನಿಲ್ಲಿಸಿದ್ರೆ ಕೂಸು ಅಳ್ತಿತ್ತು, ಕೂಸು ಅತ್ತರೆ ಆಟ ಕೆಡ್ತಿತ್ತು. ಗೌಡ ತೂಗಿದ. ಗುಟ್ಟಾಗಿ ಜೋಗುಳವನ್ನೂ ಹೇಳಿದ ಅಂತಾರೆ, ಆದರೆ ಅದಕ್ಕೆ ದನಿ ಇರಲಿಲ್ಲವಂತೆ, ಎಮ್ಮೆ ಮೆಲುಕು ಹಾಕಿದ ಹಾಗಿತ್ತಂತೆ.

ಹಿಂಗಿರೋವಾಗ ಒಂದು ದಿನ ಕುರಿಹಟ್ಟಿಯಲ್ಲಿ ಉಣ್ಣೆ ಕತ್ತರಿಸ್ತಾರೆ ಅಂತ ಸುದ್ದಿ ಬಂತು. ಹೆಂಗಸರೆಲ್ಲ ಉಣ್ಣೆ ತರೋಕೆ ಹೊರಟರು. ಆಕಾಶ ತೊಳೆದಿಟ್ಟ ಹಾಗಿತ್ತು. ಮಲಗಿದ್ದ ಕೂಸುಗಳನ್ನ ತೊಟ್ಟಿಲಲ್ಲೇ ಬಿಟ್ಟು, ನೋಡ್ಕೊಳ್ಳಿ ಗೌಡ್ರೆ, ಈಗ ಬಂದ್ವಿ ಅಂತ ಹೇಳಿ ಗಾದ್ರಮ್ಮ ಹೋದಳು.

ಅವರು ಹಟ್ಟಿ ಮುಟ್ಟೋ ಹೊತ್ತಿಗೆ ಪಡುವಣ ಗುಡ್ಡದ ಹಿಂದೆ ಮೋಡ ಎದ್ದಿತು. ಕರೀ ಮೋಡ, ಗಬ್ಬದ ಎಮ್ಮೆಯ ಹಾಗೆ. ಮುಂಗಾರು.

ಬೆಳಕಿಂಡಿ ತೆರೆದೇ ಇತ್ತು.

ಚಾವಡಿಯಲ್ಲಿ ಹನ್ನೆರಡು ಜನವೂ ತಲೆ ಎತ್ತಿದರು. ಯಾರೂ ಏಳಬ್ಯಾಡ್ರಿ ಅಂದ ಗೌಡ, ಮೆತ್ತಗೆ. ಏಳೋದೇನೂ ಬೇಕಿರಲಿಲ್ಲ. ಕೂತಿದ್ರೆ ಸಾಕು. ಒಂದು ಹನಿ ಬಿದ್ದರೆ ತೊಲೆ ವಾಪಸ್ಸು, ಕಂಬ ಮನೆಗೆ, ಗಾದ್ರಮ್ಮನ ಹಲಗೆ ಒಲೆಗೆ. ತಂಗಾಳಿ ಬೀಸಿತು. ಮಣ್ಣಿನ ವಾಸನೆ ಬಂತು. ಕೆಳಗೆ ತೊಟ್ಟಿಲಲ್ಲಿ ಕೂಸು ಕಣ್ಣು ಬಿಟ್ಟು, ಸೀದಾ ಮೇಲಿನ ತೂತನ್ನೇ ನೋಡ್ತಾ ಮಲಗಿತ್ತು. ಅದರ ಮೂಗು ಸರಿಯಾಗಿ ಬೆಳಕಿಂಡಿಯ ಕೆಳಗೆ. ಎತ್ತಿ ಪಕ್ಕಕ್ಕೆ ಇಡೋಣ ಅಂದ್ರೆ ಕೂಸನ್ನ ಎತ್ತೋದು ಹೆಂಗೆ ಅಂತ ಹನ್ನೆರಡು ಜನರಲ್ಲಿ ಒಬ್ಬನಿಗೂ ಗೊತ್ತಿರಲಿಲ್ಲ.

ಗೌಡ ಕೂಸನ್ನ ನೋಡಿದ. ಬೆಳಕಿಂಡಿ ನೋಡಿದ. ಜುಂಜಜ್ಜನ ಮುಖ ನೋಡಿದ, ಈಗ ಮುಖ ಕಾಣ್ತಿತ್ತಲ್ಲ. ಜುಂಜಜ್ಜ ಹಲ್ಲಿಲ್ಲದ ಬಾಯಲ್ಲಿ ಹೇಳಿದ, "ಸೀನುತ್ತೆ ಕಣೋ ನುಂಕ."

ಗೌಡ ಎದ್ದ. ಅವನು ಯಾರೂ ಕರೆಯದೆ ತಾನಾಗೇ ಎದ್ದಿದ್ದನ್ನ ಊರು ಅದಕ್ಕೆ ಮುಂಚೆ ಕಂಡಿರಲಿಲ್ಲ. ಹೆಬ್ಬೆರಳಿನ ಹಗ್ಗ ಬಿಚ್ಚಿ ಜುಂಜಜ್ಜನ ಕೈಗೆ ಕೊಟ್ಟು, ಕಂಬಳಿ ಎಳೆದು, ಗೋಡೆಯ ಹಿಂದಿದ್ದ ಏಣಿ ಹತ್ತಿ ಮಾಳಿಗೆಗೆ ಹೋದ. ಚಪ್ಪಡಿ ಕಲ್ಲು ಎಳೆದ. ಕಲ್ಲು ಮಿಸುಕಲಿಲ್ಲ. ಅದನ್ನ ಎಳೆಯೋಕೆ ಗಾದ್ರಮ್ಮನ ತೋಳೇ ಬೇಕಿತ್ತು. ದೂರದ ಹೊಲಗಳ ಮೇಲೆ ಮಳೆ ನಡೆದು ಬರೋದು ಕಾಣ್ತಿತ್ತು. ಗೌಡ ಸುತ್ತ ನೋಡಿದ, ಮುಚ್ಚೋಕೆ ಏನೂ ಸಿಗಲಿಲ್ಲ. ಕಡೆಗೆ ಕಂಬಳಿ ಹೊದ್ದುಕೊಂಡು ತಾನೇ ಬೆಳಕಿಂಡಿಯ ಮೇಲೆ ಕೂತುಬಿಟ್ಟ. ಗೌಡ ಅಗಲದ ಆಸಾಮಿ. ಸರಿಯಾಗಿ ಕೂತ.

ಮಳೆ ಸುರೀತು. ಆ ಮಳೆಗೆ ಕೆರೆ ಕೋಡಿ ಬಿತ್ತು ಅಂತಾರೆ. ಹೆಂಗಸರು ಉಣ್ಣೆಯನ್ನ ಅಲ್ಲೇ ಎಸೆದು ಓಡಿ ಓಡಿ ಬಂದರು. ಗಾದ್ರಮ್ಮ ಎಲ್ಲರಿಗಿಂತ ಮುಂದೆ, ಹಲಗೆ ಹೋದರೆ ಹೋಯ್ತು, ಕೂಸು ಕೂಸು ಅಂತ ಬಂದಳು. ಬಂದು ನೋಡಿದ್ರೆ ಕೂಸು ಒಣಗಿತ್ತು. ನೆಲ ಒಣಗಿತ್ತು. ಜುಂಜಜ್ಜ ತೊಟ್ಟಿಲು ತೂಗ್ತಿದ್ದ. ಅವಳು ಮೇಲೆ ನೋಡಿದಳು. ಬೆಳಕಿಂಡಿಯಲ್ಲಿ ಆಕಾಶ ಕಾಣಲಿಲ್ಲ. ಗೌಡ ಕಂಡ, ಯಾವ ಕಡೆಯಿಂದ ಅಂತ ಹೇಳೋದು ಬೇಡ.

ಗಾದ್ರಮ್ಮ ಏದುಸಿರು ಬಿಡ್ತಾ ಕೂಗಿದಳು, "ಗೌಡ್ರೆ, ಕೆಳಗೆ ನಿಮ್ಮ ಕಂಬ ಖಾಲಿ ಐತೆ."

ಮೇಲಿಂದ ಗೌಡ ಹೇಳಿದ, "ಇರ್ಲಿ ಬಿಡವ್ವ, ಯಾರಾದ್ರೂ ಕೂತ್ಕೊಳ್ಳಿ."

ಮಳೆ ನಿಂತ ಮೇಲೆ ಗೌಡ ಇಳಿದು ಬಂದ. ಒಳಗೆ ಕಾಲಿಡ್ತಿದ್ದ ಹಾಗೆ ಅವನ ಮೀಸೆಯಿಂದ ಒಂದು ಹನಿ ನೆಲಕ್ಕೆ ಬಿತ್ತು. ಎಲ್ಲರೂ ಆ ಹನಿಯನ್ನೇ ನೋಡಿದರು. ಪಣದ ಮಾತು ಎಲ್ಲರಿಗೂ ನೆನಪಿತ್ತು. ಜುಂಜಜ್ಜ ಬಗ್ಗಿ ಬೆರಳಲ್ಲಿ ಮುಟ್ಟಿ ನೋಡಿ ತೀರ್ಪು ಕೊಟ್ಟ: "ಇದು ಮಾಳಿಗೆಯದಲ್ಲ, ಮೀಸೆಯದು."

ಅಂದಿನಿಂದ ಆ ಚಾವಡಿಯಲ್ಲಿ ಏನೇನು ನಡೀತು ಅಂತ ಹೇಳೋಕೆ ಹೊತ್ತು ಸಾಲದು. ಮಗ್ಗ ಬಂತು, ಮಕ್ಕಳ ಮಗ್ಗಿ ಬಂತು, ಮದುವೆಯ ಅಡಿಗೆ ಬಂತು. ಈಗ ಬೆಳಿಗ್ಗೆ ಅಂಗನವಾಡಿ, ಮಧ್ಯಾಹ್ನ ಹೊಲಿಗೆ ಮಿಷನ್ನು, ಸಂಜೆ ಪೇಪರ್ ಓದೋರು. ಕಂಬ ಅವೇ, ತೊಲೆ ಅವೇ. ಏನನ್ನಾದ್ರೂ ನೆಲಕ್ಕೆ ಇಡಬೇಕಾದ್ರೆ ಯಾರನ್ನೂ ಕೇಳಬೇಕಿಲ್ಲ. ಮೇಲೆ ನೇತುಹಾಕಬೇಕಾದ್ರೆ ಮಾತ್ರ ಇವತ್ತಿಗೂ ಹೆಂಗಸರನ್ನ ಕೇಳಬೇಕು, ತೊಲೆ ಅವರದು. ಫ್ಯಾನ್ ಹಾಕೋಕೆ ಬಂದ ಕರೆಂಟಿನೋನು ಏಣಿ ಮೇಲೆ ನಿಂತು, ಹೆಂಗಸರು ಹೂಂ ಅನ್ನೋವರೆಗೂ ಕೈಲಿ ಫ್ಯಾನ್ ಹಿಡಿದುಕೊಂಡೇ ಇದ್ದ. ಅವರಿಗೆ ಅವಸರ ಇರಲಿಲ್ಲ. ಗಾದ್ರಮ್ಮನ ಹಲಗೆ ನಡುವಿನ ತೊಲೆಗೆ ತೂಗುಹಾಕಿದೆ, ಕೂಸಿಗೆ ಹೆಸರಿಡೋ ದಿನ ಅದನ್ನ ಕೂಸಿನ ಕಾಲಿಗೆ ಮುಟ್ಟಿಸ್ತಾರೆ. ಮುಂಗಾರಿನ ಮೊದಲ ಮಳೆಗೆ ಊರೆಲ್ಲ ಚಾವಡಿಗೆ ಬಂದು ಮಂಡಕ್ಕಿ ತಿನ್ನುತ್ತೆ. ಅವತ್ತು ಯಾರೂ ಕಂಬಕ್ಕೆ ಒರಗೋ ಹಾಗಿಲ್ಲ, ಎಲ್ಲರೂ ನಡುವೆ ಕೂರಬೇಕು. ಯಾವ ಕೂಸಾದರೂ ಸೀನಿದ್ರೆ ಶುಭ.

ಇನ್ನೊಂದು ಮಾತು ಇದೆ, ಹೇಳಿಬಿಡ್ತೀನಿ. ಗೌಡ ಬೆಳಕಿಂಡಿಯ ಮೇಲೆ ಕೂತಿದ್ದು ನಾನು ಕಟ್ಟಿದ್ದು. ನಮ್ಮಜ್ಜಿ ಹೇಳೋ ಕತೆಯಲ್ಲಿ ಹೆಂಗಸರು ಓಡಿ ಬಂದಾಗ ಕಲ್ಲು ಮುಚ್ಚಿರುತ್ತೆ, ಹನ್ನೆರಡು ಗಂಡಸರೂ ಏನೂ ಆಗೇ ಇಲ್ಲ ಅನ್ನೋ ಹಾಗೆ ಕಂಬಕ್ಕೆ ಒರಗಿ ಕೂತಿರ್ತಾರೆ, ಮುಚ್ಚಿದ್ದು ಯಾರು ಅಂತ ಗಾದ್ರಮ್ಮ ಎಷ್ಟು ಕೇಳಿದ್ರೂ ಒಬ್ಬನೂ ಬಾಯಿ ಬಿಡೋದಿಲ್ಲ. ಅಲ್ಲಿಗೆ ಮುಗೀತು. ನನಗದು ಸಪ್ಪೆ ಅನ್ನಿಸ್ತು. ಹೋದ ವರ್ಷ ಮೊದಲ ಮಳೆಯ ದಿನ ಮಂಡಕ್ಕಿ ತಿನ್ನೋರ ನಡುವೆ ಕೂತು ನನ್ನ ಕೊನೆಯನ್ನ ಹೇಳಿದೆ, ಅಷ್ಟೇ. ಈ ವರ್ಷ ಮೋಡ ಕಟ್ಟಿದ ಕೂಡಲೇ ಹೆಂಗಸರೆಲ್ಲ ಸೇರಿ ಈಗಿನ ಗೌಡರ ಕೈಗೆ ಒಂದು ಕಂಬಳಿ ಕೊಟ್ಟರು. ಇದೇನು ಹೊಸದು ಅಂದರು ಅವರು. ಹೊಸದೆಲ್ಲಿ ಬಂತು ಗೌಡ್ರೆ, ನಿಮ್ಮ ಮುತ್ತಜ್ಜನ ಕಾಲದಿಂದ ನಡೆದು ಬಂದ ಪದ್ಧತಿ ಅಂದಳು ನಮ್ಮಜ್ಜಿ, ಎಲ್ಲರಿಗಿಂತ ಜೋರಾಗಿ. ಗೌಡರು ಮಾಳಿಗೆ ಹತ್ತಿದರು. ಸರಿಯಾಗಿ ಕೂತರು. ಕೆಳಗೆ ಒಂದು ಹನಿಯೂ ಬೀಳಲಿಲ್ಲ.